ಕ್ರಯ ಆಗುವ ಮೊದಲು ಕೂರಬಾರದು

ಮೊದಲ ಬಂಗುಡೆಯನ್ನು ತೊಳೆದಿಟ್ಟು ಎರಡನೆಯದನ್ನು ಕೈಗೆತ್ತಿಕೊಳ್ಳುವಾಗ ಕಿಟಕಿಯ ಮೇಲಿಟ್ಟಿದ್ದ ಫೋನು ಬಡಿಯತೊಡಗಿತು. ಮೀನಿನ ಸ್ಕೂಟರ್ ಆಗಷ್ಟೇ ಕಾಣಿಯೂರು ಪೇಟೆಯ ಕಡೆಗೆ ಇಳಿದಿತ್ತು, ಗಂಟೆ ಎಂಟೂವರೆ ಆಗಿರಬಹುದು. ಕೈಯೆಲ್ಲ ರಕ್ತ, ಹುರುಪೆ. ಕುತ್ತಿಗೆ ಚಾಚಿ ನೋಡಿದರೆ ‘ಸಂಪ್ರೀತ್ ಶೋರೂಮ್’ ಎಂದು ಹೆಸರು ಮಿನುಗುತ್ತಿತ್ತು. ಮೊಣಕೈಯಿಂದ ನಳ್ಳಿ ತಿರುಗಿಸಿ ಕೈ ತೊಳೆಯಲು ಹೊರಟೆ.

“ನೀನು ಮೀನು ನೋಡು ಫೌಝಿಯಾ. ಅದು ಬಡ್ಕೊಳ್ಲಿ” ಎಂದರು ಅತ್ತೆ.

ಅವರು ಒಲೆಯ ಪಕ್ಕ ಮಣೆ ಹಾಕಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ತಲೆ ಎತ್ತಲಿಲ್ಲ. ಫೋನಿನ ಸದ್ದಿಗೆ ನನ್ನ ಗಂಡ ಸುಲೈಮಾನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರದ್ದು ಸೌದಿಯ ನಂಬರ್ ಆದ್ದರಿಂದ ಶೋರೂಮಿಗೆ ಕೊಟ್ಟದ್ದು ನನ್ನ ನಂಬರ್. ಅವರ ಹಿಂದೆ ಮಗಳು ಝುಹ್ರಾ, ಒಂದು ಜಡೆ ಹೆಣೆದು ಇನ್ನೊಂದನ್ನು ಬಿಟ್ಟುಕೊಂಡು, ಶಾಲೆಯ ಯೂನಿಫಾರ್ಮಿನಲ್ಲಿ. ಮೂರು ಜನ ಫೋನನ್ನೇ ನೋಡುತ್ತಾ ನಿಂತೆವು. ಅದು ಬಡಿದು ಬಡಿದು ನಿಂತಿತು. ಅತ್ತೆಯ ತುರಿಯುವ ಸದ್ದು ಮಾತ್ರ ಒಂದೇ ಹದದಲ್ಲಿ ಕೇಳುತ್ತಿತ್ತು.

ಶೋರೂಮಿನ ಆ ಕಾರು ನಮಗೆ ಬೇಕಿತ್ತು. ಹನ್ನೊಂದು ದಿನಗಳೊಳಗೆ ಬೇಕಿತ್ತು. ಏಕೆಂದರೆ ಇಪ್ಪತ್ತೆರಡನೇ ತಾರೀಕಿಗೆ ಸುಲೈಮಾನ್ ಅವರ ರಜೆ ಮುಗಿಯುತ್ತಿತ್ತು.

ತಪ್ಪು ಆದದ್ದು ಅಲ್ಲಿಯೇ, ಮೊದಲ ದಿನವೇ. ಆರನೇ ತಾರೀಕಿಗೆ ನಾವು ಮೂವರು, ಅತ್ತೆಯನ್ನು ಮನೆಯಲ್ಲಿ ಬಿಟ್ಟು, ಪುತ್ತೂರಿನ ಶೋರೂಮಿಗೆ ಹೋಗಿದ್ದೆವು. ಸಂಪ್ರೀತ್ ಎಂಬ ಹುಡುಗ ಬಾಗಿಲಲ್ಲೇ ಬರಮಾಡಿಕೊಂಡ. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕುತ್ತಿಗೆಗೆ ಟೈ, ಮಾತಿನಲ್ಲಿ ಬಹಳ ಮರ್ಯಾದೆ. ಟೀ ತರಿಸಿದ. ಸುಲೈಮಾನ್ ಗಲ್ಫಿನವರೆಂದು ಅವನಿಗೆ ಹೇಗೆ ತಿಳಿಯಿತೋ, ವಾಚಿನಿಂದಲೋ ಅತ್ತರಿನಿಂದಲೋ. “ಯಾವಾಗ ಬಂದದ್ದು ಇಕ್ಕ? ವಾಪಸ್ ಯಾವಾಗ?” ಎಂದು ನಮ್ಮ ಮಾತಿನಲ್ಲೇ ಅಣ್ಣನೆಂದು ಕರೆದು ಕೇಳಿದ. ನಮ್ಮಲ್ಲಿ ಗಲ್ಫಿನಿಂದ ಬಂದವರನ್ನು ಎಲ್ಲರೂ ಕೇಳುವುದು ಇದನ್ನೇ. ಮೀನಿನವನು ಕೇಳುತ್ತಾನೆ, ಕಂಡಕ್ಟರ್ ಕೇಳುತ್ತಾನೆ, ಮದುವೆಯ ಊಟದಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಉತ್ತರ ಕೊಟ್ಟು ಕೊಟ್ಟು ಸುಲೈಮಾನ್ ಅವರಿಗೆ ಅದು ಸಲಾಂ ಹೇಳಿದಷ್ಟೇ ಅಭ್ಯಾಸ. “ಇಪ್ಪತ್ತೆರಡಕ್ಕೆ. ಅದರ ಮೊದಲು ಕಾರು ಮನೆಗೆ ಬರಬೇಕು” ಎಂದುಬಿಟ್ಟರು.

ಸಂಪ್ರೀತ್ ಅದನ್ನು ಕಾಗದದ ಮೇಲೆ ಬರೆದುಕೊಂಡ. ಬರೆದು ಸುತ್ತ ಒಂದು ಗೆರೆಯನ್ನೂ ಎಳೆದ.

ನಮಗೆ ಮನಸ್ಸಾದದ್ದು ಮೂಲೆಯಲ್ಲಿ ನಿಂತಿದ್ದ ಒಂದು ನೀಲಿ ಕಾರಿಗೆ. ಎಲ್ಲ ಸೇರಿ ಒಂಬತ್ತು ಲಕ್ಷ ನಲವತ್ತೆರಡು ಸಾವಿರ ಎಂದ. ನಮ್ಮಲ್ಲಿ ಇದ್ದದ್ದು ಒಂಬತ್ತು. ಆರು ವರ್ಷ ಕೂಡಿಟ್ಟ ಒಂಬತ್ತು. ಬಡ್ಡಿಯ ಸಾಲ ನಾವು ಮಾಡುವುದಿಲ್ಲ, ಆದ್ದರಿಂದ ಒಂಬತ್ತು ಎಂದರೆ ಒಂಬತ್ತೇ. ಲೋನ್ ಮಾಡಿದರೆ ಸ್ವಲ್ಪ ಆಫರ್ ಇದೆ, ಕ್ಯಾಶ್ ಆದರೆ ಇಲ್ಲ ಎಂದು ಸಂಪ್ರೀತ್ ಬೇಸರದಿಂದಲೇ ಹೇಳಿದ. ಸುಲೈಮಾನ್ ಕಡಿಮೆ ಮಾಡಲು ಕೇಳಿದಾಗಲೆಲ್ಲ ಅವನ ಕಣ್ಣು ಕಾಗದದ ಮೇಲಿನ ಆ ಗೆರೆಯ ಕಡೆಗೆ ಹೋಗುತ್ತಿತ್ತು. “ಇಕ್ಕ, ರಿಜಿಸ್ಟ್ರೇಶನಿಗೆ ಐದಾರು ದಿನ ಬೇಕು. ನಿಮಗೆ ಟೈಮ್ ಕಡಿಮೆ ಉಂಟಲ್ಲ” ಎನ್ನುತ್ತಿದ್ದ.

ಅಷ್ಟರಲ್ಲಿ ಝುಹ್ರಾ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಒಂದು ಬದಿಗೆ ಕೂತಳು, ನಡುವಿಗೆ ಸರಿದಳು, ಆ ಬದಿಗೆ ಹೋದಳು, ಬೆರಳು ಮಡಚಿ ಏನನ್ನೋ ಎಣಿಸಿದಳು. ಅವಳು ಎಣಿಸುತ್ತಿದ್ದದ್ದು ಸೀಟುಗಳನ್ನು ಎಂದು ನನಗೆ ತಿಳಿಯಿತು. ಎರಡು ವರ್ಷದ ಹಿಂದೆ ಸುಲೈಮಾನ್ ಹೊರಟಾಗ ನಾದಿನಿಯ ಗಂಡನ ಕಾರು ಬಂದಿತ್ತು. ದೊಡ್ಡವರು, ಎರಡು ಸೂಟ್‌ಕೇಸು, ಹಲಸಿನ ಹಪ್ಪಳದ ರಟ್ಟಿನ ಪೆಟ್ಟಿಗೆ, ಎಲ್ಲ ಸೇರಿ ತುಂಬಿತು. ಪೆರ್ನಾಲ್ ಹಬ್ಬದ ಅಂಗಿ ಹಾಕಿ, ಬೂಟು ಹಾಕಿ ಅಂಗಳದಲ್ಲಿ ತಯಾರಾಗಿ ನಿಂತಿದ್ದ ಏಳು ವರ್ಷದ ಮಗುವಿಗೆ ಜಾಗವಿಲ್ಲ ಎಂದೆವು. ಅವಳು ಅಳಲಿಲ್ಲ. ನಾನು ಏರ್‌ಪೋರ್ಟಿನಿಂದ ವಾಪಸ್ ಬಂದಾಗ ಬೂಟುಗಳನ್ನು ಒರೆಸಿ ಸ್ಟ್ಯಾಂಡಿನಲ್ಲಿ ಇಟ್ಟಿದ್ದಳು, ಅಷ್ಟೆ.

ಈ ಸಲ ಅವಳನ್ನು ಕರೆದುಕೊಂಡು ಹೋಗಬೇಕೆಂಬ ಆಸೆ ನನಗೂ ಇತ್ತು. ಕಳೆದ ವರ್ಷ ಪುತ್ತೂರಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದವಳು ನಾನು. ಹೋಗುವಾಗ ಅವರು ಓಡಿಸಿದರೆ ಬರುವಾಗ ನಾನು. ಆದರೆ ಮನೆಗೆ ಬಾರದ ಕಾರಿನಲ್ಲಿ ಮಗುವಿಗೆ ಸೀಟು ಕೊಡುತ್ತೇನೆಂದು ಹೇಳುವುದು ಹೇಗೆ?

ನಡೆದದ್ದನ್ನು ಸಂಜೆ ಕೇಳಿದ ಅತ್ತೆ ಮಗನ ಮುಖ ನೋಡಿದರು. ನನ್ನ ಅತ್ತೆಯ ಹೆಸರು ಕದೀಜಮ್ಮ. ಕಡಬದಿಂದ ಗುತ್ತಿಗಾರಿನವರೆಗೆ ಹಳಬರಿಗೆ ಅವರು ಕೋಳಿ ಕದೀಜಮ್ಮ. ಮಾವ ತೀರಿಕೊಂಡಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ, ಮೂರು ಮಕ್ಕಳು. ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಊರ ಕೋಳಿ ಕೊಂಡು, ಸಂತೆಯಲ್ಲಿ ಮಾರಿ ಮಕ್ಕಳನ್ನು ಸಾಕಿದರು. ಓದಲು ಬಾರದು. ಆದರೆ ಯಾರ ಅಂಗಳದಲ್ಲಿ ಯಾವತ್ತು ಎಷ್ಟು ಕ್ರಯಕ್ಕೆ ಕೋಳಿ ಕೊಂಡದ್ದೆಂದು ಇವತ್ತಿಗೂ ಹೇಳುತ್ತಾರೆ.

“ಕೋಳಿ ಕೊಡುವವಳ ಹತ್ರ ನಾಳೆ ನಮ್ಮಲ್ಲಿ ನೆಂಟರು ಅಂತ ಹೇಳಿ ಕ್ರಯ ಕೇಳಿದ ಹಾಗಾಯ್ತು ನಿಂದು” ಎಂದರು. “ನಮಗೆ ಬೇಕು ಅಂತ ಗೊತ್ತಾದ್ರೆ ಮತ್ತೆ ಅವರು ಯಾಕೆ ಇಳಿಸುದು?”

ಝುಹ್ರಾ ಹೋಂವರ್ಕ್ ಮಾಡುತ್ತಿದ್ದವಳು ಪೆನ್ಸಿಲು ನಿಲ್ಲಿಸಿ ಇದನ್ನು ಕೇಳಿದಳು.

ಹತ್ತನೇ ತಾರೀಕಿಗೆ ಅತ್ತೆಯೂ ಬಂದರು. ಬಸ್ಸಿನಲ್ಲಿ ಸವಣೂರು ದಾಟಿದ ಮೇಲೆ ನಮಗೆಲ್ಲ ಕಾನೂನು ಹೇಳಿದರು. ಯಾರೂ ಕಾರಿನೊಳಗೆ ಕೂರಬಾರದು, ಮುಟ್ಟಬಾರದು, ಚಂದ ಉಂಟು ಎನ್ನಬಾರದು. ಕೋಳಿಯನ್ನು ಒಮ್ಮೆ ಕೈಗೆ ತೆಗೆದುಕೊಂಡರೆ ಅದರ ಬಿಸಿ ಕೈಗೆ ಹತ್ತುತ್ತದಂತೆ, ಆಮೇಲೆ ಕೆಳಗೆ ಬಿಡಲು ಮನಸ್ಸಾಗುವುದಿಲ್ಲವಂತೆ. ಕೊಡುವವಳಿಗೂ ಅದು ಗೊತ್ತಾಗುತ್ತದಂತೆ.

ಶೋರೂಮಿನಲ್ಲಿ ಸಂಪ್ರೀತ್ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟ. ಎಸಿ ಹಾಕಿದ. ಕೂತು ನೋಡಿ ಎಂದು ಅತ್ತೆಗೆ ಹೇಳಿದ. ಕಾಲು ಮಣ್ಣಾಗಿದೆ, ತೊಳೆಯಬೇಕು ಎಂದು ಅತ್ತೆ ಶೋರೂಮಿನ ಹಿಂಬಾಗಿಲಿನಿಂದ ಹೊರಗೆ ಹೋದವರು ಕಾಲು ಗಂಟೆ ಬರಲೇ ಇಲ್ಲ. ಬಂದ ಮೇಲೂ ಕಾರಿನೊಳಗೆ ಕೂರಲಿಲ್ಲ, ಟೀಯೂ ಬೇಡ ಎಂದರು. ಕಾರಿನ ತೆರೆದ ಬಾಗಿಲಿನ ಹೊರಗೆ ಝುಹ್ರಾ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಒಳಗಿನ ತಂಪು ಗಾಳಿ ಅವಳ ಶಾಲನ್ನು ಅಲುಗಿಸುತ್ತಿತ್ತು. ನನ್ನ ಮಗಳು ಅಷ್ಟು ಹೊತ್ತು ಅಲುಗದೆ ನಿಂತದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ಅತ್ತೆ ಕ್ರಯದ ಕಾಗದ ತರಿಸಿ ಮೊಮ್ಮಗಳ ಕೈಗೆ ಕೊಟ್ಟು ಒಂದೊಂದೇ ಸಾಲು ಓದಿಸಿದರು. ಕಾರಿನದ್ದು ಇಷ್ಟು, ಸರಕಾರದ ಟ್ಯಾಕ್ಸ್ ಇಷ್ಟು ಎಂದಾಗ ಸುಮ್ಮನೆ ತಲೆಯಾಡಿಸಿದರು. ಮೂರನೆಯ ಸಾಲು ಹ್ಯಾಂಡ್ಲಿಂಗ್ ಚಾರ್ಜ್, ಏಳು ಸಾವಿರ.

“ಅದೆಂತ ಮಗ?”

ಯಾರ್ಡಿನಿಂದ ಕಾರನ್ನು ಇಲ್ಲಿಗೆ ತಂದದ್ದರ ಖರ್ಚು ಎಂದ ಸಂಪ್ರೀತ್.

“ನಾನು ಮೂವತ್ತು ವರ್ಷ ಕೋಳಿ ವ್ಯಾಪಾರ ಮಾಡಿದ್ದೇನೆ ಮಾರಾಯ. ಗೂಡಿನಿಂದ ತೆಗೆದದ್ದಕ್ಕೆ ಬೇರೆ ದುಡ್ಡು ಕೊಡಿ ಅಂತ ಯಾರೂ ಕೇಳ್ಲಿಲ್ಲ.”

ಪಕ್ಕದ ಮೇಜಿನಲ್ಲಿದ್ದ ಮ್ಯಾನೇಜರ್ ಮಹಾಗಣಪತಿಯವರು ನಕ್ಕರು. ಐವತ್ತರ ಆಸುಪಾಸಿನ ಮನುಷ್ಯ. ನಕ್ಕು ಎದ್ದು ಬಂದು ತುಳುವಿನಲ್ಲಿ ಅತ್ತೆಯ ಊರು ಕೇಳಿದರು. ಆ ಏಳು ಸಾವಿರ ಹೋಯಿತು. ಹದಿನೆಂಟು ಸಾವಿರದ ಅಲಂಕಾರದ ಸಾಮಾನುಗಳನ್ನು ಅತ್ತೆ ಒಂದೊಂದಾಗಿ ಕೇಳಿ ತಿಳಿದು, ಎಲ್ಲವನ್ನೂ ಬೇಡವೆಂದು ತೆಗೆಸಿದರು. ಇನ್ಶೂರೆನ್ಸ್ ಕಡಬದಲ್ಲಿ ಒಂಬತ್ತು ಸಾವಿರ ಕಡಿಮೆಗೆ ಸಿಗುತ್ತದೆಂದು ನಾನು ಮೊದಲೇ ವಿಚಾರಿಸಿ ಬರೆದಿಟ್ಟುಕೊಂಡಿದ್ದೆ. ಅದನ್ನು ತೋರಿಸಿದಾಗ ಅಷ್ಟು ಇಳಿಸಿದರು. ಅತ್ತೆ ನನ್ನ ಕಡೆಗೆ ಒಮ್ಮೆ ನೋಡಿದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ನನ್ನ ಯಾವ ಅಡುಗೆಗೂ ಅಂಥ ನೋಟ ಸಿಕ್ಕಿರಲಿಲ್ಲ.

ಒಂಬತ್ತು ಲಕ್ಷದ ಎಂಟು ಸಾವಿರಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಒಂದು ರೂಪಾಯಿ ಇಲ್ಲ ಎಂದರು ಮಹಾಗಣಪತಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಪ್ರೀತನ ಕಾಗದ ಅವರ ಕೈಯಲ್ಲಿತ್ತು. “ಅಮ್ಮಾ, ನಿಮ್ಮ ಮಗ ಇಪ್ಪತ್ತೆರಡಕ್ಕೆ ಹೋಗುದಲ್ವಾ? ಇವತ್ತು ಬುಕ್ ಮಾಡಿದ್ರೆ ಇಪ್ಪತ್ತರ ಒಳಗೆ ಕಾರು ಕೊಡುದು ನನ್ನ ಜವಾಬ್ದಾರಿ.”

ಅತ್ತೆ ಸೆರಗು ಸರಿಮಾಡಿಕೊಂಡರು.

“ಹೋಗುವವನು ಅವನು. ಕಾರು ಓಡಿಸುದು ನನ್ನ ಸೊಸೆ, ಅದರಲ್ಲಿ ಕೂರುದು ನಾನು. ನಮಗಿಬ್ಬರಿಗೂ ಎಲ್ಲಿಗೂ ಹೋಗ್ಲಿಕ್ಕೆ ಇಲ್ಲ. ಅವನು ಹೋದ ಮೇಲೂ ನಾವು ಇಲ್ಲೇ ಇರ್ತೇವೆ.”

ಹೇಳಿ ಎದ್ದೇ ಬಿಟ್ಟರು. ನಾವೂ ಎದ್ದೆವು. ಸುಲೈಮಾನ್ ಅವರ ಕಾಲು ಏಳುತ್ತಿರಲಿಲ್ಲ. ಎಂಟು ಸಾವಿರ ಎಲ್ಲಿಂದಾದರೂ ಸಾಲ ಕೇಳಬಹುದೆಂದು ಅವರ ಮುಖವೇ ಹೇಳುತ್ತಿತ್ತು. ಝುಹ್ರಾ ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡು ಅಜ್ಜಿಯ ಹಿಂದೆ ನಡೆದಳು. ಬಾಗಿಲು ದಾಟುವ ತನಕ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಾಲು ತೊಳೆಯಲು ಹೋದ ಕಥೆ ಹೇಳಿದರು. ಹಿಂದೆ ನಳ್ಳಿಯ ಹತ್ತಿರ ಶೋರೂಮು ಗುಡಿಸುವ ಹೆಂಗಸೊಬ್ಬಳು ಸಿಕ್ಕಿದಳು, ಪಂಕಜಾಕ್ಷಿ, ಗುತ್ತಿಗಾರಿನವಳು. ಅವಳ ತಾಯಿಯ ಅಂಗಳದಿಂದ ಅತ್ತೆ ಎಷ್ಟೋ ಕೋಳಿ ಕೊಂಡದ್ದುಂಟು. ತಾಯಿಯ ಕಾಲುನೋವು, ರಬ್ಬರ್ ತೋಟಕ್ಕೆ ಆನೆ ಬಂದದ್ದು, ಎಲ್ಲ ಮಾತಾಡಿದ ಮೇಲೆ ಪಂಕಜಾಕ್ಷಿ ತಾನಾಗಿಯೇ ಹೇಳಿದಳಂತೆ. ಆ ನೀಲಿ ಕಾರು ಆ ಮೂಲೆಗೆ ಬಂದು ನಾಲ್ಕು ತಿಂಗಳಾಯಿತು, ದಿನಾ ಅದರ ಧೂಳು ಒರೆಸಿ ಸಾಕಾಗಿದೆ, ಬರುವ ತಿಂಗಳು ಹೊಸ ಮಾದರಿ ಬರುತ್ತದೆ, ಅಷ್ಟರೊಳಗೆ ಇದು ಹೋಗಬೇಕೆಂದು ಮ್ಯಾನೇಜರಿಗೆ ತಲೆಬಿಸಿ.

“ನಮ್ಮ ತಾರೀಕು ಅವರಿಗೆ ನೀನು ಹೇಳಿದ್ದಿ” ಎಂದು ಮಗನಿಗೆ ಅಂದರು. “ಅವರ ತಾರೀಕು ನಮಗೂ ಗೊತ್ತಿರ್ಲಿ.”

ಮರುದಿನ ಬೆಳಗ್ಗೆ ಬಡಿದದ್ದೇ ನಾನು ಮೊದಲು ಹೇಳಿದ ಆ ಫೋನು. ಯಾಕೆ ಎತ್ತಬಾರದು ಎಂದು ಸುಲೈಮಾನ್ ಕೇಳಿದರು. ಬೆಳಗ್ಗೆ ಎಂಟೂವರೆಗೆ ಮಾಡುವವನು ಹುಡುಗ, ಅವನ ಕೈಯಲ್ಲಿ ಇಳಿಸಲು ಏನೂ ಇಲ್ಲ, ಇಳಿಸುವವರು ಮಾಡುವಾಗ ಎತ್ತುವ ಎಂದರು ಅತ್ತೆ. ಅವತ್ತು ಮಧ್ಯಾಹ್ನ ಇನ್ನೊಮ್ಮೆ ಬಡಿಯಿತು. ಮರುದಿನ ಒಮ್ಮೆ. ಹದಿಮೂರಕ್ಕೆ ಬಡಿಯಲೇ ಇಲ್ಲ.

ಆ ದಿನ ಸುಲೈಮಾನ್ ಅಂಗಳದ ತುದಿಗೂ ಗೇಟಿಗೂ ನಡೆದರು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆಯನ್ನು ಕೇಳಿದೆ, ಅವರು ಮತ್ತೆ ಫೋನು ಮಾಡದೇ ಇದ್ದರೆ?

“ಮಾಡದಿದ್ರೆ ಕಾರು ಇಲ್ಲ” ಎಂದರು ಅತ್ತೆ. “ಅದನ್ನು ಯೋಚನೆ ಮಾಡಿಯೇ ನಾನು ಎದ್ದದ್ದು. ಸುಮ್ಮನೆ ಹೆದರಿಸ್ಲಿಕ್ಕೆ ಎದ್ರೆ ಅವರಿಗೆ ಗೊತ್ತಾಗ್ತದೆ.” ಒಗೆದ ಲುಂಗಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾವು ಹಿಂಡಿದರು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಕಡೆಗೆ ನೋಡುತ್ತಾ, “ನಿನ್ನ ಫೋನಿಗೆ ಚಾರ್ಜ್ ಉಂಟಾ?” ಎಂದರು.

ಆಗ ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಹೇಗೆ ಬರೆಯುವುದೆಂದು ಗೊತ್ತಾಗುವುದಿಲ್ಲ. ಅವರಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಮೂವತ್ತು ವರ್ಷ, ಒಂದೊಂದು ಅಂಗಳದಿಂದಲೂ ಹೀಗೆಯೇ ಹೊಡೆದುಕೊಳ್ಳುವ ಎದೆಯನ್ನು ಇಟ್ಟುಕೊಂಡು, ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಎದ್ದು ಬಂದಿರಬೇಕು. ಹಿಂದಿನಿಂದ ಕರೆದರೆ ಸಂಜೆಗೆ ಮಕ್ಕಳಿಗೆ ಅಕ್ಕಿ, ಕರೆಯದಿದ್ದರೆ ಮುಂದಿನ ಮನೆ. ಅವರ ನಡಿಗೆಯನ್ನು ನೋಡಿದವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ.

ಸಂಜೆ ಝುಹ್ರಾಳ ತಲೆ ಬಾಚುವಾಗ ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದ್ದನ್ನು ಕನ್ನಡಿಯಲ್ಲಿ ಕಂಡೆ. ಆರನೇ ತಾರೀಕಿನಿಂದಲೂ ನೋಡುತ್ತಿದ್ದೆ. ತಂದೆಯ ಹತ್ತಿರ ಹೋಗುತ್ತಾಳೆ, ಪಕ್ಕ ಕೂರುತ್ತಾಳೆ, ಉಪ್ಪಾ ಎನ್ನುತ್ತಾಳೆ, ಅವರು ಎಂತ ಎಂದರೆ ನೀರು ಬೇಕಾ ಎಂದು ಕೇಳಿ ಎದ್ದು ಹೋಗುತ್ತಾಳೆ. ನಿನಗೆ ಉಪ್ಪನ ಹತ್ರ ಎಂತ ಕೇಳ್ಲಿಕ್ಕೆ ಉಂಟು ಎಂದು ನಾನೇ ವಿಚಾರಿಸಿದೆ.

“ಕ್ರಯ ಆಗ್ಲಿ ಉಮ್ಮ” ಎಂದಳು. “ನಮಗೆ ಬೇಕು ಅಂತ ಗೊತ್ತಾದ್ರೆ ಅವರು ಇಳಿಸುದಿಲ್ಲ.”

ಶೋರೂಮಿನವರಿಗೆ ಗೊತ್ತಾಗಬಾರದೆಂದು ಅಜ್ಜಿ ಹೇಳಿದ್ದನ್ನು ಇವಳು ಎಲ್ಲರಿಗೂ ಎಂದು ತಿಳಿದುಕೊಂಡಿದ್ದಳು. ಮನೆಯಲ್ಲಿ ಬಾಯಿಬಿಟ್ಟು ಹೇಳಿದರೂ ಅದು ಹೇಗೋ ಪುತ್ತೂರಿಗೆ ಮುಟ್ಟುತ್ತದೆ, ಕಾರು ದುಬಾರಿಯಾಗುತ್ತದೆ. ಒಂಬತ್ತು ವರ್ಷದ ಮಗು ಒಂದು ವಾರದಿಂದ ತನ್ನ ಆಸೆಯನ್ನು ಕೈ ಕಟ್ಟಿ ನಿಲ್ಲಿಸಿತ್ತು. ಹಾಗಲ್ಲ ಮಗಳೇ, ಮನೆಯಲ್ಲಿ ಕೇಳಬಹುದು ಎಂದು ಹೇಳಲು ಹೊರಟೆ. ಹೇಳಿದರೆ ಅವಳು ಕೇಳುತ್ತಾಳೆ, ಕೇಳಿದರೆ ಉತ್ತರ ಕೊಡಬೇಕು, ಉತ್ತರ ನಮ್ಮ ಕೈಯಲ್ಲಿ ಇರಲಿಲ್ಲ. ಜಡೆಗೆ ರಿಬ್ಬನ್ ಕಟ್ಟಿ ಅವಳ ನೆತ್ತಿಗೊಂದು ಮುತ್ತು ಕೊಟ್ಟೆ.

ಹದಿನಾಲ್ಕರಂದು ಹನ್ನೊಂದು ಗಂಟೆಗೆ ಬೇರೊಂದು ನಂಬರಿನಿಂದ ಫೋನು ಬಂತು. ಎರಡನೇ ಶನಿವಾರ, ಶಾಲೆ ಇರಲಿಲ್ಲ. ಎತ್ತು ಎಂದು ಅತ್ತೆ ಸನ್ನೆ ಮಾಡಿದರು. ಸ್ಪೀಕರ್ ಹಾಕಿ ಊಟದ ಮೇಜಿನ ಮೇಲೆ ಇಟ್ಟೆ. ಮಹಾಗಣಪತಿಯವರದ್ದೇ ದನಿ. ಅತ್ತೆಯ ಆರೋಗ್ಯ ವಿಚಾರಿಸಿದರು, ಸೆಕೆಯ ಬಗ್ಗೆ ಹೇಳಿದರು. ಆಮೇಲೆ, ತಾನು ಮೇಲಿನವರ ಹತ್ತಿರ ಮಾತಾಡಿದ್ದೇನೆ, ನಿಮಗಾಗಿ ಒಂಬತ್ತು ಲಕ್ಷದ ಎರಡು ಸಾವಿರಕ್ಕೆ ಮಾಡಿಕೊಡುತ್ತೇನೆ ಎಂದರು.

ಸುಲೈಮಾನ್ ಬಾಯಿ ತೆರೆದರು. ಅತ್ತೆ ಅವರ ಮೊಣಕೈಯ ಮೇಲೆ ಕೈ ಇಟ್ಟರು. ಗೋಡೆ ಗಡಿಯಾರದ ಸದ್ದು ಫೋನಿನ ಆ ಕಡೆಗೂ ಕೇಳಿರಬಹುದು. ಝುಹ್ರಾ ಫೋನಿನ ಹತ್ತಿರ ಬಗ್ಗಿ ನಿಂತಿದ್ದಳು.

“ಅಮ್ಮಾ, ಲೈನಿನಲ್ಲಿ ಇದ್ದೀರಲ್ವಾ?”

“ಇದ್ದೇನೆ” ಎಂದರು ಅತ್ತೆ. ಅಷ್ಟೇ.

ಮತ್ತೆ ಗಡಿಯಾರ. ಆ ಕಡೆಯಲ್ಲಿ ಮಹಾಗಣಪತಿಯವರು ನಗುವುದು ಕೇಳಿಸಿತು, ಸೋತವರ ನಗುವಲ್ಲ, ಒಳ್ಳೆಯ ಆಟ ಕಂಡವರ ನಗು. “ಆಯ್ತು ಮಾರಾಯ್ರೆ. ಒಂಬತ್ತು. ಕಾಲಡಿಯ ಮ್ಯಾಟ್ ನಾನು ಫ್ರೀ ಕೊಡ್ತೇನೆ. ಇವತ್ತೇ ಬನ್ನಿ, ಇಪ್ಪತ್ತಕ್ಕೆ ಕಾರು ನಿಮ್ಮ ಅಂಗಳದಲ್ಲಿ.”

ಮಧ್ಯಾಹ್ನದ ಬಸ್ಸಿಗೆ ಹೋದೆವು. ಅಡುಗೆ ಮುಚ್ಚಿಟ್ಟು, ಒಣಹಾಕಿದ ಬಟ್ಟೆ ತೆಗೆಯುವುದನ್ನೂ ಮರೆತು ಹೋದೆ. ಬುಕಿಂಗ್ ಕಾಗದಗಳಿಗೆ ಸುಲೈಮಾನ್ ಸಹಿ ಹಾಕಿದರು. ಒಂಬತ್ತು ಲಕ್ಷ ಎಂದು ಬರೆದದ್ದನ್ನು ಝುಹ್ರಾ ಅಜ್ಜಿಗೆ ಓದಿ ಹೇಳಿದಳು. ಈ ಸಲ ಟೀ ತಂದಾಗ ಅತ್ತೆ ಬೇಡವೆನ್ನಲಿಲ್ಲ, ಇನ್ನೂ ಸ್ವಲ್ಪ ಸಕ್ಕರೆ ಕೇಳಿದರು. ಕಾರಿನೊಳಗೆ ತೂಗುಹಾಕುವ ಸುಗಂಧದ ಒಂದು ಡಬ್ಬಿಯನ್ನೂ ಕೊಡಬಹುದಲ್ಲ ಎಂದು ಸುಲೈಮಾನ್ ಶುರುಮಾಡಿದಾಗ ಅವರನ್ನು ತಡೆದರು. ಕ್ರಯ ಆದ ಮೇಲೆ ಕೇಳುವುದು ವ್ಯಾಪಾರವಲ್ಲ, ಬೇಡುವುದು ಎಂದು ಮೆಲ್ಲನೆ ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದರು. ಮುಖ ಸಣ್ಣದು ಮಾಡಿಕೊಂಡಿದ್ದ ಸಂಪ್ರೀತನನ್ನು ಹತ್ತಿರ ಕರೆದು, ಫೋನು ಎತ್ತದ್ದಕ್ಕೆ ಬೇಸರ ಮಾಡಬೇಡ ಎಂದರು. ಬರುವ ವರ್ಷ ಕಾಣಿಯೂರಿನಲ್ಲಿ ಯಾರು ಕಾರು ಕೊಂಡರೂ ನಿನ್ನ ಹೆಸರು ಹೇಳಿಯೇ ಕಳಿಸುತ್ತೇನೆ, ಆದರೆ ಕ್ರಯ ಅವರವರದ್ದು ಎಂದರು. ಹುಡುಗ ನಕ್ಕುಬಿಟ್ಟ.

ಆಮೇಲೆ ಅತ್ತೆ ಎದ್ದು ನೀಲಿ ಕಾರಿನ ಹತ್ತಿರ ಹೋದರು. ಬಾಗಿಲಿನ ಮೇಲೆ ಅಂಗೈ ಇಟ್ಟರು. ಚಪ್ಪಲಿ ಕಳಚಿ, ಬಿಸ್ಮಿ ಹೇಳಿ ಮುಂದಿನ ಸೀಟಿನಲ್ಲಿ ಕೂತರು. ಕೂತು ಕಣ್ಣು ಮುಚ್ಚಿದರು. ದೂರದಲ್ಲಿ ಕಸಬರಿಕೆ ಹಿಡಿದು ನಿಂತಿದ್ದ ಪಂಕಜಾಕ್ಷಿ, ಯಾರೋ ಗುರುತಿಲ್ಲದವರನ್ನು ನೋಡುವಂತೆ ನೋಡಿ, ಒಳಗೆ ಹೋದಳು.

ಝುಹ್ರಾ ಇನ್ನೂ ಹೊರಗೆ ನಿಂತಿದ್ದಳು, ಕೈ ಬೆನ್ನ ಹಿಂದೆ. ಅತ್ತೆ ಕಣ್ಣು ತೆರೆದು ಅವಳನ್ನು ಕಂಡರು.

“ಕ್ರಯ ಆಯ್ತು ಮಗ. ಕೂತ್ಕೊ.”

ಅವಳು ಕೂರಲಿಲ್ಲ. ಸಹಿ ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದ ತಂದೆಯ ಹತ್ತಿರ ನೇರ ನಡೆದು ಹೋದಳು. ಸುಲೈಮಾನ್ ತಲೆ ಎತ್ತಿದರು. ಮಹಾಗಣಪತಿಯವರೂ ನೋಡಿದರು, ಸಂಪ್ರೀತನೂ ನೋಡಿದ. ಅಷ್ಟು ಜನರ ಎದುರು ಅವಳು ದನಿ ತಗ್ಗಿಸಲಿಲ್ಲ.

“ಉಪ್ಪಾ, ನಿಮ್ಮನ್ನು ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಹೋಗುವಾಗ ಇದರಲ್ಲಿ ನನಗೂ ಸೀಟ್ ಉಂಟಾ?”